ಅರ್ಜಿಯಲ್ಲಿ ಈ ಸಲ ಒಂದು ಹೊಸ ಕಾಲಂ: ಮನೆಯಿಂದ ಶಾಲೆಗೆ ಎಷ್ಟು ದೂರ?



ಈ ವರ್ಷದ ಅರ್ಜಿ ನಮೂನೆಯಲ್ಲಿ ಹಿಂದಿನ ವರ್ಷಗಳಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಸೇರಿಸಿದ್ದೇವೆ. ಆದಾಯ, ಅಂಕಪಟ್ಟಿ, ಬ್ಯಾಂಕ್ ಖಾತೆ ಇವುಗಳ ಕೆಳಗೆ "ಮನೆಯಿಂದ ಶಾಲೆಗೆ ಇರುವ ದೂರ" ಎಂಬ ಕಾಲಂ ಇದೆ. ಕೆಲವು ದಾನಿಗಳು ಇದನ್ನು ನೋಡಿ, ದೂರಕ್ಕೂ ವಿದ್ಯಾರ್ಥಿವೇತನಕ್ಕೂ ಏನು ಸಂಬಂಧ ಎಂದು ಕೇಳಿದರು. ಕೆಲವು ಪಾಲಕರಿಗೆ ಬೇರೆಯೇ ಅನುಮಾನ ಬಂತು. ದೂರ ಜಾಸ್ತಿ ಬರೆದರೆ ಅರ್ಜಿ ತಿರಸ್ಕಾರ ಆಗುತ್ತದೆಯೋ ಏನೋ ಎಂದು ಅವರು ಅಂಜಿದರು. ಎರಡಕ್ಕೂ ಉತ್ತರ ಕೊಡುವುದು ನಮ್ಮ ಕರ್ತವ್ಯ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಾವಧಾನವಾಗಿ ಓದಬೇಕೆಂದು ವಿನಂತಿ.

ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಗೆ ಸೇರಿಸುವ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಿನಿಂದ ಅಸೂಟಿಯಲ್ಲಿ ನಾಲ್ಕು ಜನ ಪಾಲಕರು ಕೂತಲ್ಲೆಲ್ಲ ಇದೇ ಮಾತು. ಒಬ್ಬ ತಾಯಿ ನಮ್ಮನ್ನು ಕೇಳಿದ್ದು ಹೀಗೆ: "ಹುಡುಗಿ ಈ ಸಲ ಐದನೇತ್ತಾ ಮುಗಸ್ತಾಳ್ರೀ ಸರ. ಇಲ್ಲಿ ಸಾಲಿ ತಗದ್ರ ಬ್ಯಾರೆ ಊರಿಗೆ ಹೆಂಗ ಕಳಸೂಣು?" ಪಕ್ಕದಲ್ಲೇ ಕೂತಿದ್ದ ಒಬ್ಬ ತಂದೆಗೆ ಅದು ಒಪ್ಪಿಗೆಯಾಗಲಿಲ್ಲ. "ಇಬ್ಬರು ಮಾಸ್ತರು ಐದು ಕ್ಲಾಸಿಗೆ ಏನ್ ಕಲಸ್ತಾರಕ್ಕ? ದೂರ ಆದ್ರೂ ಚಿಂತಿಲ್ಲ, ಕ್ಲಾಸಿಗೊಬ್ಬರು ಕಲಸೋರು ಇರಬೇಕು" ಎಂದರು. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಅದಕ್ಕೇ ಈ ವಿಷಯ ಒಂದೇ ಸಭೆಯಲ್ಲಿ ಮುಗಿಯುವಂಥದ್ದಲ್ಲ.

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ. 2002ರ 86ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 21-ಎ ವಿಧಿ ಸೇರಿತು. ಅದರ ಆಧಾರದ ಮೇಲೆ 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಪ್ರತಿ ಮಗುವಿಗೆ "ನೆರೆಹೊರೆಯ ಶಾಲೆ"ಯಲ್ಲಿ ಉಚಿತ ಶಿಕ್ಷಣ ಎಂಬುದು ಅದರ ಮೂಲ ಮಾತು. ನೆರೆಹೊರೆ ಎಂದರೆ ಎಷ್ಟು ದೂರ ಎಂಬುದನ್ನು ಕೇಂದ್ರದ 2010ರ ನಿಯಮಗಳು ಬಿಡಿಸಿ ಹೇಳಿವೆ. 1ರಿಂದ 5ನೇ ತರಗತಿಗೆ ನಡೆದು ಹೋಗುವ 1 ಕಿಲೋಮೀಟರ್ ಒಳಗೆ, 6ರಿಂದ 8ನೇ ತರಗತಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು.

ಇಲ್ಲಿ ಬಹಳ ಜನ ಒಂದು ತಪ್ಪು ತಿಳಿಯುತ್ತಾರೆ. ಈ 1 ಕಿಲೋಮೀಟರ್ ಗೆರೆ ಮಗುವಿಗೆ ಹಾಕಿದ ಬೇಲಿಯಲ್ಲ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಯಾವ ಬೀದಿಯಲ್ಲಿ ಮನೆ ಇದೆಯೋ ಅದರ ಮೇಲೆ ಮಗುವಿನ ಸರಕಾರಿ ಶಾಲೆ ಗೊತ್ತಾಗುತ್ತದೆ. ಗೆರೆ ಬದಲಿಸುವ ಮಾತು ಬಂದರೆ ಅಲ್ಲಿನ ಪಾಲಕರು ರಾತ್ರಿಯೆಲ್ಲ ಸಭೆ ಮಾಡುತ್ತಾರೆ. ನಮ್ಮಲ್ಲಿ ಗೆರೆ ಸರಕಾರದ ಮೇಲಿನ ಹೊಣೆ. ಇಷ್ಟು ದೂರದೊಳಗೆ ಶಾಲೆ ಕೊಡು ಎಂದು ಅದು ಸರಕಾರಕ್ಕೆ ಹೇಳುತ್ತದೆ. ಪಕ್ಕದ ಊರಿನ ಸರಕಾರಿ ಶಾಲೆಗೆ ನಿಮ್ಮ ಮಗುವನ್ನು ಹಾಕಬೇಕೆಂದರೆ ಹಾಕಬಹುದು. ಕಾಯ್ದೆಯ 5ನೇ ಕಲಂ ಪ್ರಕಾರ ಹಳೆಯ ಶಾಲೆಯ ಮುಖ್ಯಾಧ್ಯಾಪಕರು ವರ್ಗಾವಣೆ ಪ್ರಮಾಣಪತ್ರವನ್ನು ತಡಮಾಡದೆ ಕೊಡಬೇಕು, ಮತ್ತು ಟಿಸಿ ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಟಿಸಿಗಾಗಿ ಜೂನ್ ತಿಂಗಳೆಲ್ಲ ಅಲೆದಾಡುವ ಪಾಲಕರನ್ನು ನಾವು ಇಂದಿಗೂ ನೋಡುತ್ತೇವೆ, ಅದಕ್ಕೆ ಇಷ್ಟು ಒತ್ತಿ ಹೇಳಿದೆವು.

ಆದರೆ ಒಂದು ಕಡೆ ಈ ಗೆರೆ ನಿಜವಾಗಿ ಬೇಲಿಯೇ ಆಯಿತು. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇಕಡಾ 25 ಸೀಟು ಕೊಡಬೇಕೆಂಬ 12(1)(ಸಿ) ಕಲಂ ವಿಷಯ ಇದು. "ಆರ್‌ಟಿಇ ಸೀಟು ಈಗ ಯಾಕೆ ಸಿಗಲ್ಲ ಸರ?" ಎಂದು ಪ್ರತಿ ಮೇ ತಿಂಗಳಲ್ಲಿ ನಮ್ಮಲ್ಲಿಗೆ ಬರುವ ಪಾಲಕರು ದಯವಿಟ್ಟು ಗಮನಿಸಿ. ಮೊದಲು ಹಳ್ಳಿಯಲ್ಲಾದರೆ ಕಂದಾಯ ಗ್ರಾಮವನ್ನು, ದೊಡ್ಡ ನಗರದಲ್ಲಾದರೆ ವಾರ್ಡನ್ನು ನೆರೆಹೊರೆ ಎಂದು ಹಿಡಿದು ಆ ಮಿತಿಯೊಳಗಿನ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಸೀಟು ಹಂಚುತ್ತಿದ್ದರು. 2019ರ ಆರಂಭದಲ್ಲಿ ಕರ್ನಾಟಕ ಸರಕಾರ ನಿಯಮ ತಿದ್ದಿತು. ಅದೇ ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡುವ ಅಗತ್ಯವಿಲ್ಲ ಎಂದಾಯಿತು. ಪಾಲಕರ ಕಡೆಯಿಂದ ಹೈಕೋರ್ಟಿಗೆ ಹೋದರು. 2019ರ ಮೇ 31ರಂದು ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸರಕಾರಿ ಶಾಲೆ ಇಲ್ಲದ ಊರು ನಮ್ಮ ರಾಜ್ಯದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಆ ಸೀಟುಗಳು ಬಹುಪಾಲು ಹೋದಂತೆಯೇ ಆಯಿತು. ಮಹಾರಾಷ್ಟ್ರ ಸರಕಾರ 2024ರ ಫೆಬ್ರುವರಿಯಲ್ಲಿ ಇಂಥದ್ದೇ ತಿದ್ದುಪಡಿ ತಂದಾಗ ಬಾಂಬೆ ಹೈಕೋರ್ಟ್ ಅದೇ ವರ್ಷ ಜುಲೈನಲ್ಲಿ ರದ್ದು ಮಾಡಿತು. ಕಾಯ್ದೆ ಒಂದೇ, ಆದರೆ ಗಡಿಯ ಆಚೆ ಒಂದು ತೀರ್ಪು, ಈಚೆ ಇನ್ನೊಂದು.

ಈಗ ಶಾಲೆ ಸೇರಿಸುವ ವಿಷಯಕ್ಕೆ ಬರೋಣ. ಇದು ಹೊಸ ವಿಚಾರವೇನಲ್ಲ. 2018ರ ಜುಲೈ ಬಜೆಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು 28,847 ಸರಕಾರಿ ಶಾಲೆಗಳನ್ನು ಹತ್ತಿರದ 8,530 ಶಾಲೆಗಳೊಂದಿಗೆ ವಿಲೀನಗೊಳಿಸುವ ಪ್ರಸ್ತಾಪ ಇಟ್ಟಿದ್ದರು. ಸಾಹಿತಿಗಳು, ಪಾಲಕರು, ಶಿಕ್ಷಕರು ಎಲ್ಲರೂ ವಿರೋಧಿಸಿದರು. ಅದೇ ಹೊತ್ತಿಗೆ ಕರ್ನಾಟಕ ಪಬ್ಲಿಕ್ ಶಾಲೆ, ಅಂದರೆ ಕೆಪಿಎಸ್, ಎಂಬ ಮಾದರಿ ಬೆಳೆಯಿತು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಕನ್ನಡದ ಜತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗ. 2025ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇಂಥ ಶಾಲೆಗಳನ್ನು ನೂರಾರು ಸಂಖ್ಯೆಯಲ್ಲಿ ಹೆಚ್ಚಿಸುವ ಯೋಜನೆ ಬಂತು. ಆ ವರ್ಷದ ಕೊನೆಗೆ "ಮ್ಯಾಗ್ನೆಟ್ ಶಾಲೆ" ಎಂಬ ಹೆಸರು ಕೇಳಿಬಂತು. ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ದೊಡ್ಡ ಶಾಲೆ ಸೆಳೆದುಕೊಳ್ಳುವುದು ಎಂಬ ಅರ್ಥ. ಚನ್ನಪಟ್ಟಣ ತಾಲೂಕಿನ ಹೊಂಗನೂರಿನ ಕೆಪಿಎಸ್‌ಗೆ ಸುತ್ತಲಿನ ಶಾಲೆಗಳನ್ನು ಸೇರಿಸುವ ಕ್ರಮಕ್ಕೆ ಪಾಲಕರು ಮತ್ತು ವಿದ್ಯಾರ್ಥಿ ಸಂಘಟನೆಗಳು ವಿರೋಧ ತೋರಿದ್ದನ್ನು ನೀವು ಓದಿರಬಹುದು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಶಿಕ್ಷಣ ಸಚಿವರು ಹೇಳಿದರು. ಮುಚ್ಚುವುದು ಮತ್ತು ಸೇರಿಸುವುದು ಕಾಗದದ ಮೇಲೆ ಬೇರೆ ಬೇರೆ. ಆದರೆ ಊರಲ್ಲಿದ್ದ ಶಾಲೆಯ ಬಾಗಿಲಿಗೆ ಕೀಲಿ ಬಿದ್ದರೆ ಆ ಊರಿನ ಏಳು ವರ್ಷದ ಮಗುವಿಗೆ ಎರಡೂ ಒಂದೇ.

ಉತ್ತರ ಪ್ರದೇಶದಲ್ಲೂ 2025ರ ಜೂನ್‌ನಲ್ಲಿ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಜೋಡಿಸುವ ಆದೇಶ ಬಂತು. ಸೀತಾಪುರ ಜಿಲ್ಲೆಯ ಮಕ್ಕಳ ಪರವಾಗಿ ಅಲಹಾಬಾದ್ ಹೈಕೋರ್ಟಿನವರೆಗೆ ಹೋದರು. ಅಂದರೆ ಈ ತಕರಾರು ನಮ್ಮೊಬ್ಬರದಲ್ಲ.

ಸರಕಾರದ ವಾದವನ್ನು ಸುಮ್ಮನೆ ತಳ್ಳಿಹಾಕುವುದು ನಮ್ಮಂಥ ಹಳೆಯ ಮಾಸ್ತರರಿಗೆ ಸಾಧ್ಯವಿಲ್ಲ. ಕಾಯ್ದೆಯ ಅನುಸೂಚಿ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಇಪ್ಪತ್ತು ಮಕ್ಕಳಿರಲಿ, ಅರವತ್ತಿರಲಿ, ತರಗತಿ ಐದು, ಶಿಕ್ಷಕರು ಇಬ್ಬರು. ಅದರಲ್ಲಿ ಒಬ್ಬರು ಬಿಸಿಯೂಟದ ಲೆಕ್ಕ, ತರಬೇತಿ, ಗಣತಿ ಎಂದು ಹೋದರೆ ಉಳಿಯುವವರು ಒಬ್ಬರೇ. ನಾವೂ ಹಾಗೆ ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ಕೂಡಿಸಿ ಕಲಿಸಿದವರು. ನಾಲ್ಕನೇತ್ತಾ ಮಕ್ಕಳಿಗೆ ಭಾಗಾಕಾರ ಹಾಕಿಕೊಟ್ಟು ಒಂದನೇತ್ತಾದ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸಿ ತಿರುಗಿ ಬರುವಷ್ಟರಲ್ಲಿ ಭಾಗಾಕಾರ ಹಾಗೇ ನಿಂತಿರುತ್ತಿತ್ತು. ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ ಪದ್ಧತಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಶುರುಮಾಡಿದ ಈ ಪದ್ಧತಿ ಬೇರೆ ಬೇರೆ ಮಟ್ಟದ ಮಕ್ಕಳು ಒಟ್ಟಿಗೆ ಕಲಿಯಲೆಂದೇ ಹುಟ್ಟಿದ್ದು. ಆದ್ದರಿಂದ ಸಣ್ಣ ಮಕ್ಕಳಿಗೆ ಸಣ್ಣ ಶಾಲೆ ಅಂಥ ನಷ್ಟವಲ್ಲ. ನಾಲ್ಕು, ಐದು ದಾಟಿದ ಮೇಲೆ ಗಣಿತಕ್ಕೆ, ವಿಜ್ಞಾನಕ್ಕೆ, ಇಂಗ್ಲಿಷಿಗೆ ಬೇರೆ ಬೇರೆ ಶಿಕ್ಷಕರು ಬೇಕೇ ಬೇಕು. 6ರಿಂದ 8ಕ್ಕೆ ವಿಷಯವಾರು ಶಿಕ್ಷಕರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು: ಐದರವರೆಗೆ ಶಾಲೆ ಊರಲ್ಲೇ ಇರಲಿ; ಆರರಿಂದ ಮೇಲೆ ದೊಡ್ಡ ಶಾಲೆಗೆ ಹೋಗುವುದಾದರೆ ಹೋಗಲಿ, ಆದರೆ ಹೋಗುವ ದಾರಿಯ ಹೊಣೆಯನ್ನು ಸರಕಾರ ಮೊದಲು ಹೊರಲಿ. ಇದಕ್ಕೆ ಒಪ್ಪದ ಪಾಲಕರು ನಮ್ಮಲ್ಲೇ ಇದ್ದಾರೆ. ಪೂರ್ತಿ ಸೇರಿಸಿಬಿಡಲಿ ಎನ್ನುವವರೂ, ಏನೂ ಮುಟ್ಟಬಾರದು ಎನ್ನುವವರೂ ಇದ್ದಾರೆ.

ದಾರಿ ಎಂದೆವಲ್ಲ, ಅದರ ಬಗ್ಗೆ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ರೋಣ, ನರಗುಂದದ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲು, ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ ರಾಡಿ. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಮತ್ತು ಬೆಣ್ಣಿಹಳ್ಳ ಉಕ್ಕಿ ಈ ಎರಡೂ ತಾಲೂಕಿನ ಊರುಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ನಕಾಶೆಯ ಮೇಲೆ ಎರಡು ಊರಿನ ನಡುವೆ ಎಳೆದ ಗೆರೆ 3 ಕಿಲೋಮೀಟರ್ ತೋರಿಸಬಹುದು. ಹಳ್ಳ ತುಂಬಿದ ದಿನ ಆ ಊರು ಇಲ್ಲದಂತೆಯೇ. ಕೇಂದ್ರದ ನಿಯಮದಲ್ಲೇ ಇದಕ್ಕೆ ಆಧಾರ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಪ್ರವಾಹ, ಭೂಕುಸಿತ, ರಸ್ತೆ ಇಲ್ಲದಿರುವುದು ಇಂಥ ಅಪಾಯ ಇರುವಲ್ಲಿ ದೂರದ ಮಿತಿಯನ್ನು ಇನ್ನೂ ಕಡಿಮೆ ಮಾಡಿ ಶಾಲೆ ಇಡಬೇಕು ಎಂದು 6ನೇ ನಿಯಮ ಹೇಳುತ್ತದೆ. ಮಿತಿಯೊಳಗೆ ಶಾಲೆ ಇಲ್ಲದ ಸಣ್ಣ ಜನವಸತಿಯ ಮಕ್ಕಳಿಗೆ ಉಚಿತ ವಾಹನ ಅಥವಾ ವಸತಿ ವ್ಯವಸ್ಥೆ ಮಾಡಬೇಕು ಎಂದೂ ಅದೇ ನಿಯಮದಲ್ಲಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ದೂರ ಇನ್ನೂ ತೂಕದ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾಗಿದೆ. ಒಳ್ಳೆಯದೇ ಆಯಿತು. ಆದರೆ ಟಿಕೆಟ್ ಉಚಿತ ಆದ ಮಾತ್ರಕ್ಕೆ ಶಾಲೆ ಗಂಟೆಗೆ ಸರಿಯಾಗಿ ಬಸ್ ಬಂದೀತೆಂದಲ್ಲ. ಸಂಜೆ ಬಸ್ ತಪ್ಪಿತು, ಹುಡುಗಿ ಕತ್ತಲಾದ ಮೇಲೆ ಮನೆಗೆ ಬಂದಳು. ಹೀಗೆ ಎರಡು ಸಲ ಆದರೆ ಮೂರನೇ ಸಲ ಮನೆಯ ಹಿರಿಯರು "ಸಾಕು ಬಿಡು ಸಾಲಿ" ಎನ್ನುತ್ತಾರೆ. ಓದು ಬಿಡಿಸಿದ ತಂದೆತಾಯಿಯನ್ನು ಬೈಯುವುದು ಸುಲಭ. ನಾವೂ ಮೊದಲು ಬೈದವರೇ. ಈಗ ಮೊದಲು ಬಸ್ಸಿನ ವೇಳೆ ಕೇಳುತ್ತೇವೆ.

ಉರ್ದು ಮಾಧ್ಯಮದ ಮಕ್ಕಳದು ಇನ್ನೊಂದು ಗಂಟು. ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಕೊಡಲು ರಾಜ್ಯಗಳು ಯತ್ನಿಸಬೇಕು ಎನ್ನುತ್ತದೆ. ಆದರೆ ದೂರದ ನಿಯಮದ ಸಾಲಿನಲ್ಲಿ ಮಾಧ್ಯಮದ ಮಾತಿಲ್ಲ, ಶಾಲೆ ಎಂದಷ್ಟೇ ಇದೆ. ಉರ್ದು ಶಾಲೆ ಸಾಮಾನ್ಯವಾಗಿ ಸಣ್ಣದು. ಮಕ್ಕಳ ಸಂಖ್ಯೆ ನೋಡಿ ಪಟ್ಟಿ ಮಾಡಿದರೆ ಮೊದಲು ಬರುವುದು ಅದರ ಹೆಸರೇ. ಪಕ್ಕದಲ್ಲಿ ಕನ್ನಡ ಶಾಲೆ ಇದೆಯಲ್ಲ ಎಂದು ಲೆಕ್ಕ ಸರಿಹೋಗುತ್ತದೆ, ಮೂರನೇತ್ತಾದ ಮಗುವಿಗೆ ಮಾತ್ರ ಪಾಠ ಒಮ್ಮೆಲೇ ಬೇರೆ ಭಾಷೆಯಾಗುತ್ತದೆ. ನಮ್ಮ ಮಕ್ಕಳು ಕನ್ನಡ ಚೆನ್ನಾಗಿ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಈ ಲೇಖನವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇವೆ. ಸೇರಿಸುವುದೇ ಆದರೆ ಉರ್ದು ಶಿಕ್ಷಕರೂ ಮಕ್ಕಳ ಜತೆಗೆ ಹೊಸ ಶಾಲೆಗೆ ಬರಬೇಕು ಎಂದು ಪಾಲಕರು ಕೇಳುವುದು ನ್ಯಾಯ.

ಕೇಳುವುದು ಎಲ್ಲಿ? ಚಹಾದಂಗಡಿ ಮುಂದೆ ಅಲ್ಲ. ಪ್ರತಿ ಸರಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ. ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಸಭೆಗೆ ಹೋಗಿ ಠರಾವು ಬರೆಸಿ. ದಾರಿ ಎಷ್ಟು, ಹಳ್ಳ ಎಲ್ಲಿ ಅಡ್ಡ ಬರುತ್ತದೆ, ಬಸ್ಸಿನ ವೇಳೆ ಏನು, ಎಷ್ಟು ಹೆಣ್ಣುಮಕ್ಕಳು ಎಂಬುದನ್ನು ಠರಾವಿನಲ್ಲಿ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಗುವಿನ ಹಕ್ಕಿಗೆ ಧಕ್ಕೆಯಾದರೆ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅವರು ಮೂರು ತಿಂಗಳೊಳಗೆ ತೀರ್ಮಾನ ಹೇಳಬೇಕು. ಅಲ್ಲಿಂದ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಬರೆಯಲು ಬಾರದವರು ಸಂಕೋಚ ಬಿಟ್ಟು ನಮ್ಮಲ್ಲಿಗೆ ಬನ್ನಿ, ಬರೆದುಕೊಡುತ್ತೇವೆ. ಅದಕ್ಕೆ ದುಡ್ಡಿಲ್ಲ.

ದಾನಿಗಳಲ್ಲಿ ಒಂದು ಮಾತು. ಕೇಂದ್ರ ಸರಕಾರ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 2022-23ರಿಂದ 9 ಮತ್ತು 10ನೇ ತರಗತಿಗೆ ಸೀಮಿತ ಮಾಡಿದ ಮೇಲೆ 1ರಿಂದ 8ನೇ ತರಗತಿಯ ಮಕ್ಕಳ ಅರ್ಜಿಗಳು ನಮ್ಮ ಕಡೆ ತಿರುಗಿವೆ. ಶುಲ್ಕ, ಪುಸ್ತಕ, ಸಮವಸ್ತ್ರ ಸರಕಾರಿ ಶಾಲೆಯಲ್ಲಿ ಸಿಗುತ್ತವೆ. ಸಿಗದೇ ಇರುವುದು ಬಸ್ ಇಲ್ಲದ ಹೊತ್ತಿನ ಟಂಟಂ ಬಾಡಿಗೆ. ಆ ಬಾಡಿಗೆಯೊಂದೇ ಕೆಲವು ಮನೆಗಳಲ್ಲಿ ಶಾಲೆ ಬಿಡಿಸಲು ಕಾರಣ. ಅದಕ್ಕೇ ದೂರದ ಕಾಲಂ ಸೇರಿಸಿದ್ದು: ದೂರ ಹೆಚ್ಚಿರುವ ಮಗುವಿಗೆ, ಅದರಲ್ಲೂ 6ನೇ ತರಗತಿ ಮೇಲಿನ ಹೆಣ್ಣುಮಕ್ಕಳಿಗೆ, ಪ್ರಯಾಣದ ಪಾಲು ಬೇರೆ ಕೊಡಲು.

ಪಾಲಕರೇ, ದೂರ ಜಾಸ್ತಿ ಇದೆ ಎಂದು ಅರ್ಜಿ ತಿರಸ್ಕರಿಸುವುದಿಲ್ಲ. ದೂರ ಬರೆಯುವಾಗ ಮೋಟರ್ ಸೈಕಲ್ ಮೇಲೆ ಡಾಂಬರು ರಸ್ತೆಯ ಲೆಕ್ಕ ಹಿಡಿಯಬೇಡಿ. ಮಗು ದಿನಾ ನಡೆಯುವ ದಾರಿಯನ್ನೇ ಬರೆಯಿರಿ. ಮಳೆಗಾಲದಲ್ಲಿ ಸುತ್ತು ಹಾಕಿ ಹೋಗುವುದಾದರೆ ಅದನ್ನೂ ಕೆಳಗೆ ಬೇರೆ ಬರೆಯಿರಿ. ಮುಖ್ಯಾಧ್ಯಾಪಕರ ಸಹಿ ಈ ಕಾಲಂಗೆ ಬೇಕಿಲ್ಲ. ಅರ್ಜಿ ಕೊಡುವ ಕೊನೆಯ ದಿನಾಂಕ ಹಿಂಬದಿಯ ಪುಟದಲ್ಲಿದೆ.