ಏರಿ ಕುಳಿತರೆ ಓಡುವ ಸೂಟ್‌ಕೇಸ್

‘ಮೇಷ್ಟ್ರೇ, ಇದು ನಿಜವೋ ಕಣ್ಕಟ್ಟೋ, ನೀವೇ ನೋಡಿ ಹೇಳಿ’ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮೊಬೈಲನ್ನು ಮುಂದೆ ಹಿಡಿದರು. ವಿಮಾನ ನಿಲ್ದಾಣವೊಂದರ ನುಣುಪು ನೆಲದ ಮೇಲೆ ಯುವಕನೊಬ್ಬ ತನ್ನ ಸೂಟ್‌ಕೇಸಿನ ಮೇಲೆಯೇ ಕುಳಿತು ಸವಾರಿ ಹೊರಟಿದ್ದ. ಮಗ ಉನ್ನತ ವ್ಯಾಸಂಗಕ್ಕೆಂದು ವಿದೇಶಕ್ಕೆ ಹೊರಟಿದ್ದಾನೆ, ಇಂಥದೇ ಬೇಕೆಂದು ಹಟ ಹಿಡಿದಿದ್ದಾನೆ, ಕೊಡಿಸಬಹುದೇ ಎಂಬುದು ಅವರ ಪ್ರಶ್ನೆ.

ಕಣ್ಕಟ್ಟಲ್ಲ, ನಿಜವೇ. ಆದರೆ ಹಣ ಕೊಡುವ ಮುನ್ನ ಬ್ಯಾಟರಿಯ ಮೇಲೆ ಅಚ್ಚಾಗಿರುವ ಒಂದು ಸಂಖ್ಯೆಯನ್ನು ಓದಲು ಕಲಿಯಬೇಕು ಎಂದೆ. ಆ ಸಂಖ್ಯೆಯ ಕಥೆ ಎಲ್ಲ ಪೋಷಕರಿಗೂ ಉಪಯೋಗವಾದೀತು.

ಗಾಲಿಯಿಂದ ಮೋಟಾರಿಗೆ

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಸೂಟ್‌ಕೇಸಿಗೆ ಗಾಲಿ ಜೋಡಿಸಿ ಪೇಟೆಂಟ್ ಪಡೆದದ್ದು ಅದಾದ ಮೇಲೆ, 1972ರಲ್ಲಿ! ಅದನ್ನು ಪಟ್ಟಿ ಕಟ್ಟಿ ಎಳೆಯಬೇಕಿತ್ತು. ಎರಡು ಗಾಲಿ, ಉದ್ದನೆಯ ಹಿಡಿಕೆಯ ಇಂದಿನ ರೂಪ ಕೊಟ್ಟವರು ವಿಮಾನ ಚಾಲಕ ರಾಬರ್ಟ್ ಪ್ಲಾತ್. ಅದು 1987ರ ಸುಮಾರಿಗೆ.

ಮುಂದಿನ ಹೆಜ್ಜೆ ಇಟ್ಟವರಲ್ಲಿ ಚೀನಾದ ಹೆ ಲಿಯಾಂಗ್‌ಕಾಯ್ ಒಬ್ಬರು. ಹುನಾನ್ ಪ್ರಾಂತ್ಯದ ಈ ರೈತ ತಾವೇ ತಯಾರಿಸಿದ ಸೂಟ್‌ಕೇಸ್ ವಾಹನವನ್ನೇರಿ ಚಾಂಗ್‌ಶಾ ನಗರದಲ್ಲಿ ಸಂಚರಿಸಿದ ಸುದ್ದಿ 2014ರಲ್ಲಿ ಜಗತ್ತನ್ನೆಲ್ಲ ಸುತ್ತಿತು. 2016ರಲ್ಲಿ ಅಮೆರಿಕದ ಷಿಕಾಗೋದಿಂದ ‘ಮೋಡೋಬ್ಯಾಗ್’ ಬಂತು. ಇಂದು ‘ಏರ್‌ವೀಲ್’ ಮೊದಲಾದ ಚೀನೀ ಕಂಪನಿಗಳ ಮಾದರಿಗಳು ಹೆಚ್ಚಾಗಿ ಕಾಣುತ್ತವೆ. ಇವುಗಳ ಗರಿಷ್ಠ ವೇಗ ಗಂಟೆಗೆ ಸುಮಾರು 13 ಕಿ.ಮೀ.

ಲೆಕ್ಕ ಹಾಕಿ ನೋಡೋಣ

ಒಳಗಿರುವುದು ಲಿಥಿಯಂ-ಅಯಾನ್ ಬ್ಯಾಟರಿ, ಪುಟ್ಟ ಮೋಟಾರು, ವೇಗ ನಿಯಂತ್ರಿಸುವ ಸರ್ಕಿಟ್ಟು, ಬ್ರೇಕು; ಅಷ್ಟೇ. ಏರ್‌ವೀಲ್‌ನ ಒಂದು ಮಾದರಿಯ ಬ್ಯಾಟರಿಯಲ್ಲಿರುವುದು 73 ವ್ಯಾಟ್-ಗಂಟೆಯಷ್ಟು ಶಕ್ತಿ. ಒಂದು ವ್ಯಾಟ್-ಗಂಟೆ ಎಂದರೆ 3,600 ಜೂಲ್. ಹಾಗಾದರೆ ಒಟ್ಟು ಸುಮಾರು 2,63,000 ಜೂಲ್.

ಸವಾರ ಮತ್ತು ಸೂಟ್‌ಕೇಸ್ ಸೇರಿ 80 ಕಿಲೋ ಎನ್ನೋಣ. ನುಣುಪು ನೆಲದಲ್ಲಿ ಗಾಲಿ ಉರುಳಲು ತೂಕದ ಐವತ್ತನೆಯ ಒಂದು ಪಾಲಿನಷ್ಟು ಬಲ ಬೇಕೆಂದಿಟ್ಟುಕೊಂಡರೆ ಅದು ಸುಮಾರು 16 ನ್ಯೂಟನ್. ಶಕ್ತಿಯನ್ನು ಬಲದಿಂದ ಭಾಗಿಸಿದರೆ ದೂರ ಸಿಗುತ್ತದೆ: 16 ಕಿ.ಮೀ.ಗೂ ತುಸು ಹೆಚ್ಚು. ಮೋಟಾರಿನ ಶಾಖ, ನಿಂತು ಹೊರಡುವಿಕೆ ಇತ್ಯಾದಿಗಳಲ್ಲಿ ಅರ್ಧ ಪೋಲಾದರೂ 8 ಕಿ.ಮೀ. ಉಳಿಯಿತು. ವಿಮಾನ ನಿಲ್ದಾಣಕ್ಕೆ ಇದು ಧಾರಾಳ.

ಹಾಗಾದರೆ ಇನ್ನೂ ದೊಡ್ಡ ಬ್ಯಾಟರಿ ಹಾಕಬಾರದೇಕೆ? ಇಲ್ಲಿಯೇ ನಮ್ಮ ಸಂಖ್ಯೆ ಬರುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ಪ್ರಯಾಣಿಕರು ಸಾಮಾನ್ಯವಾಗಿ ಒಯ್ಯಬಹುದಾದ ಲಿಥಿಯಂ-ಅಯಾನ್ ಬ್ಯಾಟರಿಯ ಮಿತಿ 100 ವ್ಯಾಟ್-ಗಂಟೆ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಅದಕ್ಕೂ ಮೇಲಿನದು ಪ್ರಯಾಣಿಕರ ಸಾಮಾನಿನಲ್ಲಿ ಸಲ್ಲದು. ನಿಮ್ಮ ಮನೆಯ ಪವರ್ ಬ್ಯಾಂಕಿಗೂ ಇದೇ ಲೆಕ್ಕ. 20,000 ಮಿಲಿಆಂಪಿಯರ್-ಗಂಟೆ ಎಂದರೆ 20 ಆಂಪಿಯರ್-ಗಂಟೆ. ಅದನ್ನು 3.7 ವೋಲ್ಟ್‌ನಿಂದ ಗುಣಿಸಿದರೆ 74. ಅಂದರೆ ಈ ಸೂಟ್‌ಕೇಸನ್ನು ಓಡಿಸುವುದು ಒಂದು ಪವರ್ ಬ್ಯಾಂಕಿನಷ್ಟೇ ಶಕ್ತಿ!

ಕೆಳಗೇಕೆ ಇಡಬಾರದು?

ಮಿತಿಯೊಳಗಿದ್ದರೆ ಸಾಲದು, ಬ್ಯಾಟರಿಯನ್ನು ಕಳಚುವಂತಿರಬೇಕು. ಸೂಟ್‌ಕೇಸನ್ನು ವಿಮಾನದ ಹೊಟ್ಟೆಗೆ ಕಳಿಸುವಾಗ ಬ್ಯಾಟರಿಯನ್ನು ತೆಗೆದು ನಮ್ಮ ಜೊತೆ ಕ್ಯಾಬಿನ್ನಿಗೆ ಒಯ್ಯಬೇಕು. ಅಪಾಯಕಾರಿ ವಸ್ತುವನ್ನು ಜನರ ನಡುವೆಯೇ ಇಡುವುದೇ ಎಂದು ಅನ್ನಿಸಬಹುದು. ಕಾರಣವಿದೆ.

ಈ ಬ್ಯಾಟರಿ ಜಜ್ಜಿದರೆ ಅಥವಾ ಒಳಗೆ ಶಾರ್ಟ್ ಆದರೆ ಒಂದು ಕೋಶ ಕಾಯುತ್ತದೆ. ಅದರ ಶಾಖಕ್ಕೆ ಪಕ್ಕದ್ದು ಕಾಯುತ್ತದೆ. ಒಳಗಿನ ದ್ರಾವಣವೇ ಹೊತ್ತಿಕೊಳ್ಳುವಂಥದು. ಸರಕಿನ ಕೋಣೆಯ ಅಗ್ನಿಶಾಮಕ ಅನಿಲ ಜ್ವಾಲೆಯನ್ನು ಆರಿಸಬಲ್ಲದು, ಆದರೆ ಕೋಶವನ್ನು ತಣ್ಣಗಾಗಿಸಲಾರದು. ಕ್ಯಾಬಿನ್ನಿನಲ್ಲಾದರೆ ಹೊಗೆ ಕಂಡ ತಕ್ಷಣ ಸಿಬ್ಬಂದಿ ನೀರು ಸುರಿದು ತಣಿಸಬಹುದು. ಕಾಣುವ ಬೆಂಕಿಗಿಂತ ಕಾಣದ ಬೆಂಕಿ ಕೇಡು.

2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಬಿದ್ದು ಇಬ್ಬರು ಚಾಲಕರೂ ಮಡಿದರು. 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನಗಳಲ್ಲಿ ಇಂಥ ಬ್ಯಾಟರಿಗಳನ್ನು ಬಿಡಿಯಾಗಿ ಸರಕಾಗಿ ಸಾಗಿಸುವುದು ನಿಂತಿತು. ಬ್ಯಾಟರಿ ಕಳಚಲಾಗದ ಸೂಟ್‌ಕೇಸುಗಳನ್ನು ಅಮೆರಿಕದ ಪ್ರಮುಖ ವಿಮಾನ ಸಂಸ್ಥೆಗಳು 2018ರ ಜನವರಿಯಿಂದ ನಿರಾಕರಿಸಿದವು.

ಕೊಳ್ಳುವ ಮುನ್ನ

ತೂಕವನ್ನೂ ನೋಡಿ. ಮೋಡೋಬ್ಯಾಗ್‌ನಂಥ ಸೂಟ್‌ಕೇಸ್ ಖಾಲಿ ಇರುವಾಗಲೇ ಸುಮಾರು 9 ಕಿಲೋ ತೂಗುತ್ತದೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಕೈಚೀಲಕ್ಕೆ ಸಿಗುವ ಮಿತಿಯೇ 7 ಕಿಲೋ! ಬಟ್ಟೆ, ಪುಸ್ತಕಗಳ ಪಾಲನ್ನು ಮೋಟಾರೇ ತಿಂದುಬಿಡುತ್ತದೆ.

ಸವಾರಿಯೂ ಆಟವಲ್ಲ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವೆಂದು ಪ್ರೌಢಶಾಲೆಯಲ್ಲೇ ಕಲಿಯುತ್ತೇವೆ. ನಡಿಗೆಯ 5 ಕಿ.ಮೀ. ವೇಗ 13ಕ್ಕೇರಿದರೆ ಡಿಕ್ಕಿಯ ಶಕ್ತಿ ಸುಮಾರು ಏಳು ಪಟ್ಟಾಗುತ್ತದೆ. ಎದುರಿಗಿರುವವರು ಕೋಲೂರಿದ ಅಜ್ಜಿಯಾದರೆ? ಜಪಾನಿನ ಒಸಾಕಾದಲ್ಲಿ 2024ರಲ್ಲಿ ಕಾಲುದಾರಿಯಲ್ಲಿ ಇದನ್ನು ಓಡಿಸಿದ ಮಹಿಳೆಯೊಬ್ಬರ ಮೇಲೆ ಪರವಾನಗಿ ಇಲ್ಲದೆ ವಾಹನ ಚಲಾಯಿಸಿದ ಪ್ರಕರಣ ದಾಖಲಾಯಿತು. ಕಾನೂನಿನ ಕಣ್ಣಿಗೆ ಅದು ಸಾಮಾನಲ್ಲ, ವಾಹನ.

ಮಂಡಿನೋವಿನವರಿಗೆ, ಬಹುದೂರ ನಡೆಯಲಾಗದವರಿಗೆ ಇಂಥದೊಂದು ನೆರವಾದೀತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೊಳ್ಳುವುದೇ ಆದರೆ ಮೂರು ಮಾತು ನೆನಪಿರಲಿ: ಬ್ಯಾಟರಿ 100 ವ್ಯಾಟ್-ಗಂಟೆಯೊಳಗಿರಲಿ, ಸುಲಭವಾಗಿ ಕಳಚುವಂತಿರಲಿ, ಹೊರಡುವ ಮುನ್ನ ಆ ವಿಮಾನ ಸಂಸ್ಥೆಯ ಈಗಿನ ನಿಯಮವನ್ನು ವಿಚಾರಿಸಿರಿ.

ಇಷ್ಟನ್ನೂ ಕೇಳಿಸಿಕೊಂಡ ತಂದೆ, ‘ಈ ಲೆಕ್ಕವನ್ನು ಅವನೇ ಮಾಡಲಿ’ ಎಂದು ಎದ್ದುಹೋದರು. ಎರಡು ದಿನ ಬಿಟ್ಟು ಮಗನೇ ಫೋನು ಮಾಡಿದ. ‘ಸರ್, ನಾನು ನೋಡಿದ್ದ ಮಾದರಿ ಮಿತಿಯೊಳಗೇ ಇದೆ. ಆದರೆ ಬ್ಯಾಟರಿ ಕಳಚಲು ಬರುವುದಿಲ್ಲವಂತೆ. ಮಾಮೂಲಿ ಸೂಟ್‌ಕೇಸೇ ಸಾಕು ಅಂತ ಅಪ್ಪನಿಗೆ ಹೇಳಿದೆ’ ಎಂದ. ಎಂಟನೇ ತರಗತಿಯಲ್ಲಿ ವ್ಯಾಟ್‌ಗೂ ಜೂಲ್‌ಗೂ ವ್ಯತ್ಯಾಸ ತಿಳಿಯದೆ ತಡವರಿಸುತ್ತಿದ್ದ ಹುಡುಗ ಅವನು.