ಪೊಟ್ಟಣದ ಬೆನ್ನು ತಿರುಗಿಸಿ ನೋಡಿದ್ದೀರಾ?



ಸಂತೆಯಲ್ಲಿ ನಾವು ಎಷ್ಟು ಜಾಣರು! ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೇವೆ. ಮೀನಿನ ಕಿವಿರು ಎತ್ತಿ, ಕೆಂಪಗಿದ್ದರೆ ಮಾತ್ರ ಬೆಲೆ ಕೇಳುತ್ತೇವೆ. ಆದರೆ ಅದೇ ಪೇಟೆಯಿಂದ ಬಿಸ್ಕತ್ತು, ಸಾಬೂನು, ಎಣ್ಣೆ, ಮುಖಕ್ಕೆ ಹಚ್ಚುವ ಕ್ರೀಮು ತರುವಾಗ ಈ ಜಾಣತನವೆಲ್ಲ ಎಲ್ಲಿಗೆ ಹೋಗುತ್ತದೆಯೋ! ಎದುರಿನ ಚಿತ್ರ ನೋಡಿ ಚೀಲಕ್ಕೆ ಹಾಕಿಕೊಂಡು ಬರುತ್ತೇವೆ.

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಒಂದು ಸಣ್ಣ ಪರೀಕ್ಷೆ ನಡೆಯಿತು. ರಜೆಗೆ ಬಂದಿದ್ದ ತಂಗಿಯ ಮಗ ಪೇಟೆಯ ಚೀಲವನ್ನು ಜಗಲಿಯಲ್ಲಿ ಬಿಚ್ಚುತ್ತಿದ್ದ. ನನ್ನ ತಾಯಿಗೆ ಎಂಬತ್ತು ಕಳೆದಿದೆ. ಕಾಸರಗೋಡಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದವರು. ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ, ಆದರೆ ಪೊಟ್ಟಣದ ಮೇಲಿನ ಇಂಗ್ಲಿಷಾಗಲಿ ಮಲಯಾಳವಾಗಲಿ ಅವರಿಗೆ ಬಾರದು. ಒಂದು ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಅವರು ಹೇಳಿದರು: "ಎದುರಿಗೆ ಚಿತ್ರ, ಹಿಂದೆ ಇರುವೆ ಸಾಲು. ಇದರಲ್ಲಿ ಎಂತ ಉಂಟೆಂದು ಯಾರಾದರೂ ಓದಿ ಹೇಳಿ ಮಕ್ಕಳೇ."

ಹುಡುಗ ಓದತೊಡಗಿದ. ಅವನ ಅಕ್ಕ, ಪ್ಲಸ್ ಟು ಓದುವವಳು, ಬರೆದುಕೊಂಡಳು. ಆ ಸಂಜೆ ನಾವು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ತಿನ್ನುವ ವಸ್ತುಗಳು

ಪೊಟ್ಟಣದ ಹಿಂದೆ ಬರೆದಿರುವ ಸಾಮಗ್ರಿಗಳಿಗೆ ಒಂದು ಕ್ರಮವಿದೆ. ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು, ಕಡಿಮೆ ಇರುವುದು ಕೊನೆಗೆ. ನಾವು ತಂದ ಬಿಸ್ಕತ್ತಿನ ಎದುರಿನಲ್ಲಿ ಗೋಡಂಬಿಯ ರಾಶಿಯೇ ಇತ್ತು. ಹಿಂದೆ ನೋಡಿದರೆ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ಗೋಡಂಬಿ ಬಂದದ್ದು ಬಹಳ ಕೆಳಗೆ, ಅದೂ ಶೇಕಡಾ ಒಂದಕ್ಕಿಂತ ಕಡಿಮೆ! ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಅವರು ಬರೆದಿದ್ದಾರೆ, ನಾವು ಓದಿರಲಿಲ್ಲ, ಅಷ್ಟೆ.

ಅದರ ಪಕ್ಕದ ಪಟ್ಟಿಯಲ್ಲಿ 100 ಗ್ರಾಂ ತಿಂದರೆ ಎಷ್ಟು ಸಕ್ಕರೆ ಎಂಬುದಿರುತ್ತದೆ. ಕ್ರೀಮ್ ಬಿಸ್ಕತ್ತಿನಲ್ಲಿ ಅದು 35 ಗ್ರಾಂ ಎಂದಿದ್ದರೆ, 60 ಗ್ರಾಂ ಪೊಟ್ಟಣ ಮುಗಿಸಿದ ಮಗುವಿನ ಹೊಟ್ಟೆಗೆ 21 ಗ್ರಾಂ ಸಕ್ಕರೆ ಹೋಯಿತು, ಅಂದರೆ ಸುಮಾರು ಐದು ಟೀ ಚಮಚ. ಸೇರಿಸಿದ ಸಕ್ಕರೆ ದೊಡ್ಡವರಿಗೇ ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು, 25 ಗ್ರಾಂಗೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆ. ಕಡಿಮೆ ತಿನ್ನುವ ಮಕ್ಕಳಿಗೆ ಈ ಮಿತಿಯೂ ಕಡಿಮೆ.

ಮಾವಿನ ಹಣ್ಣಿನ ಚಿತ್ರವಿರುವ ಪಾನೀಯದ ಕಥೆಯೂ ಹೀಗೆಯೇ. 'ಫ್ರೂಟ್ ಡ್ರಿಂಕ್' ಎಂದು ಮಾರಲು ಹಣ್ಣಿನ ಅಂಶ ಶೇಕಡಾ 10 ಇದ್ದರೆ ಸಾಕು, ಲಿಂಬೆಯದಾದರೆ ಶೇಕಡಾ 5. ಉಳಿದದ್ದು ಹೆಚ್ಚಾಗಿ ನೀರು, ಸಕ್ಕರೆ. 'ಜ್ಯೂಸ್' ಬೇರೆ, 'ಡ್ರಿಂಕ್' ಬೇರೆ ಎಂಬುದು ನೆನಪಿರಲಿ. ಐಸ್‌ಕ್ರೀಮಿನಲ್ಲೂ ಇಂಥದೇ ಭೇದವಿದೆ. ಹಾಲಿನ ಕೊಬ್ಬಿನಿಂದ ಮಾಡಿದ್ದನ್ನು ಮಾತ್ರ ಐಸ್‌ಕ್ರೀಮ್ ಎನ್ನಬಹುದು. ಸಸ್ಯದ ಎಣ್ಣೆ, ವನಸ್ಪತಿ ಹಾಕಿದ್ದಾದರೆ ಡಬ್ಬಿಯ ಮೇಲೆ 'ಫ್ರೋಜನ್ ಡೆಸರ್ಟ್' ಎಂದಿರಬೇಕು. ಎರಡೂ ತಿನ್ನುವ ವಸ್ತುಗಳೇ. ಆದರೆ ಹಾಲಿನದೆಂದು ನಂಬಿ ಎಣ್ಣೆಯದಕ್ಕೆ ಹಣ ಕೊಡುವುದು ಬೇಡ.

ತಿನ್ನುವ ಯಾವುದೇ ಪೊಟ್ಟಣದ ಮೇಲೆ 14 ಅಂಕೆಗಳ ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ, ತಯಾರಿಸಿದ ದಿನ, ಯಾವ ದಿನದೊಳಗೆ ಬಳಸಬೇಕು ಎಂಬುದು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಇರಬೇಕು. ತೂಕವನ್ನು ಪ್ರತಿ ಸಲವೂ ನೋಡಿ. ಬೆಲೆ ಅಷ್ಟೇ ಇಟ್ಟು, ಪೊಟ್ಟಣವನ್ನೂ ಅಷ್ಟೇ ದೊಡ್ಡದಿಟ್ಟು, ಒಳಗಿನ ತೂಕ ಮಾತ್ರ ಇಳಿಸುವ ಜಾಣರಿದ್ದಾರೆ.

ತೆಂಗಿನೆಣ್ಣೆಯ ಪರೀಕ್ಷೆ

ತೆಂಗು ಬೆಳೆಯುವ ನಮಗೆ ಎಣ್ಣೆಯ ವಿಷಯದಲ್ಲಿ ಯಾರು ಮೋಸ ಮಾಡಿಯಾರು ಎಂಬ ಧೈರ್ಯವಿದೆ. ಆದರೆ 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆಯು ಕಲಬೆರಕೆಯ ಕಾರಣಕ್ಕೆ ಹತ್ತಾರು ಹೆಸರುಗಳ ತೆಂಗಿನೆಣ್ಣೆಯನ್ನು ನಿಷೇಧಿಸಬೇಕಾಯಿತು. 2025ರಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿದಾಗ ಕಲಬೆರಕೆಯ ಆಸೆಯೂ ಏರಿತು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸ್ವಚ್ಛವಾದ ಗಾಜಿನ ಲೋಟದಲ್ಲಿ ಎಣ್ಣೆ ತೆಗೆದುಕೊಂಡು ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಮಂಜುಗಡ್ಡೆಯ ಖಾನೆಯಲ್ಲಿ ಇಡಬೇಡಿ. ಶುದ್ಧ ಎಣ್ಣೆಯಾದರೆ ಹೆಪ್ಪುಗಟ್ಟುತ್ತದೆ. ಬೇರೆ ಎಣ್ಣೆ ಬೆರೆತಿದ್ದರೆ ಅದು ಪ್ರತ್ಯೇಕ ಪದರವಾಗಿ ನಿಲ್ಲುತ್ತದೆ. ಇದು ಸಂಶಯ ಹುಟ್ಟಿಸುವ ಪರೀಕ್ಷೆ ಮಾತ್ರ. ಖಚಿತ ತೀರ್ಪಿಗೆ ಪ್ರಯೋಗಾಲಯವೇ ಬೇಕು. ನಮ್ಮ ಮನೆಯ ಮಿಲ್ಲಿನ ಎಣ್ಣೆ ಪರೀಕ್ಷೆಯಲ್ಲಿ ಪಾಸಾಯಿತು, ಅಜ್ಜಿಯ ಮುಖ ಅರಳಿತು.

ಸಾಬೂನಿನ ದರ್ಜೆ

ಸಾಬೂನಿನ ಹೊದಿಕೆಯ ಮೇಲೆ 'ಟಿ.ಎಫ್.ಎಂ.' ಎಂಬ ಮೂರು ಅಕ್ಷರಗಳಿವೆ. ಕೊಬ್ಬಿನ ಆಮ್ಲಗಳ ಒಟ್ಟು ಅಂಶ ಎಷ್ಟೆಂದು ಅದು ಹೇಳುತ್ತದೆ. ಭಾರತೀಯ ಮಾನಕದ ಪ್ರಕಾರ ಸ್ನಾನದ ಸಾಬೂನು ಶೇಕಡಾ 76 ಇದ್ದರೆ ಒಂದನೆಯ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ಅದಕ್ಕಿಂತ ಕಡಿಮೆಯವು 'ಬಾತಿಂಗ್ ಬಾರ್' ಎಂಬ ಹೆಸರಿನಲ್ಲಿ ಬರುತ್ತವೆ. ಅಂಶ ಹೆಚ್ಚಿದ್ದರೆ ಸಾಬೂನು ಬೇಗ ಕರಗಿ ಕೆಸರಾಗುವುದಿಲ್ಲ, ಸಾಮಾನ್ಯವಾಗಿ ಚರ್ಮವನ್ನೂ ಅಷ್ಟಾಗಿ ಒಣಗಿಸುವುದಿಲ್ಲ. ನಮ್ಮ ಬಚ್ಚಲಿನಲ್ಲಿದ್ದ ದುಬಾರಿ, ಘಮಘಮಿಸುವ ಸಾಬೂನು ಮೂರನೆಯ ದರ್ಜೆಯದು. ಅದರ ಅರ್ಧ ಬೆಲೆಯ, ಜಾಹೀರಾತೇ ಕಾಣದ ಇನ್ನೊಂದು ಒಂದನೆಯ ದರ್ಜೆಯದು!

ಬೆಳ್ಳಗಾಗಿಸುವ ಡಬ್ಬಿ

ಅಷ್ಟರವರೆಗೆ ಎಲ್ಲವೂ ನಗುವಿನ ಆಟವಾಗಿತ್ತು. ಆಗ ಹುಡುಗ ಒಳಗೆ ಹೋಗಿ ಅಕ್ಕನ ಕೋಣೆಯಿಂದ ಒಂದು ಸಣ್ಣ ಬಿಳಿ ಡಬ್ಬಿ ತಂದ. "ದೊಡ್ಡಮ್ಮ, ಇದರ ಮೇಲೆ ಓದಲು ಏನೂ ಇಲ್ಲವಲ್ಲ!" ಎಂದ.

ನಿಜಕ್ಕೂ ಏನೂ ಇರಲಿಲ್ಲ. ಒಂದು ಹೆಸರು, ಒಬ್ಬ ಸುಂದರಿಯ ಚಿತ್ರ, ಅಷ್ಟೆ. ತಯಾರಿಸಿದವರ ವಿಳಾಸವಿಲ್ಲ, ಸಾಮಗ್ರಿಗಳ ಪಟ್ಟಿಯಿಲ್ಲ, ಪರವಾನಗಿ ಸಂಖ್ಯೆಯಿಲ್ಲ. ಗಲ್ಫಿನಿಂದ ಬಂದ ಗೆಳತಿಯ ಮನೆಯವರು ಪ್ರೀತಿಯಿಂದ ಕೊಟ್ಟದ್ದಂತೆ. ಹುಡುಗಿ ಎರಡು ತಿಂಗಳಿಂದ ರಾತ್ರಿ ಹಚ್ಚುತ್ತಿದ್ದಳು. ಮುಖ ಬೆಳ್ಳಗಾಗಿರುವುದನ್ನು ನಾವೆಲ್ಲ ನೋಡಿ, ಹೊಗಳಿಯೂ ಇದ್ದೆವು. ಆ ಹೊಗಳಿಕೆಯ ನೆನಪು ಈಗಲೂ ನನ್ನನ್ನು ಚುಚ್ಚುತ್ತದೆ.

ಈ ಭಯಕ್ಕೆ ಕಾರಣವಿದೆ. ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಬಂದ, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಗೆ ಆ ಕಾಯಿಲೆಯ ಅಪರೂಪದ ಒಂದು ವಿಧವಿತ್ತು. ಆ 15ರಲ್ಲಿ 13 ಮಂದಿ ಕಾಯಿಲೆಗೆ ಮೊದಲು ಬೆಳ್ಳಗಾಗಿಸುವ ಕ್ರೀಮು ಹಚ್ಚಿದವರು! ಇಂಥ ಕ್ರೀಮುಗಳಲ್ಲಿರುವ ಪಾದರಸದ ಕಡೆಗೆ ತಜ್ಞರು ಬೆರಳು ತೋರಿಸಿದರು. ಅದೇ 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ನಡೆಸಿತು.

ಪಾದರಸವು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉತ್ಪತ್ತಿಯನ್ನು ತಡೆಯುತ್ತದೆ. ಆದ್ದರಿಂದಲೇ ಮುಖ ಕೆಲವೇ ವಾರಗಳಲ್ಲಿ ಬೆಳ್ಳಗಾಗುತ್ತದೆ. ಆದರೆ ಅದು ಚರ್ಮದ ಮೂಲಕ ರಕ್ತಕ್ಕೆ ಸೇರಿ ಕಿಡ್ನಿಯಲ್ಲಿ ಶೇಖರವಾಗುತ್ತದೆ. ಮುಖ, ಕಾಲು ಊದಿಕೊಳ್ಳುವುದು, ಮೂತ್ರ ನೊರೆನೊರೆಯಾಗುವುದು ಕಿಡ್ನಿಗೆ ತೊಂದರೆಯಾಗಿರುವುದರ ಸೂಚನೆ. ಭಾರತದ ಸೌಂದರ್ಯವರ್ಧಕಗಳ ನಿಯಮ 2020ರ ಪ್ರಕಾರ ಪಾದರಸ ಬೆರೆಸುವುದಕ್ಕೆ ನಿಷೇಧವಿದೆ. ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಅದು ಅರಿವಿಲ್ಲದೆ ಸೇರಿದ್ದರೂ ಹತ್ತು ಲಕ್ಷ ಪಾಲಿಗೆ ಒಂದು ಪಾಲು ಮೀರಬಾರದು.

ಇನ್ನೊಂದು ಅಪಾಯ ಸ್ಟೀರಾಯ್ಡ್ ಮುಲಾಮು. ಚರ್ಮರೋಗಕ್ಕೆ ವೈದ್ಯರು ಕೆಲವೇ ದಿನಗಳಿಗೆ ಕೊಡುವ ಟ್ಯೂಬನ್ನು ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಚರ್ಮ ತೆಳುವಾಗುತ್ತದೆ, ಬಿಸಿಲಿಗೆ ಉರಿಯುತ್ತದೆ, ಮೊಡವೆ ಏಳುತ್ತದೆ, ಮುಖದಲ್ಲಿ ರೋಮ ಬೆಳೆಯುತ್ತದೆ. ಇಂಥ ಹಲವು ಮುಲಾಮುಗಳನ್ನು 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಸರಕಾರ ನಿಯಮ ಮಾಡಿದೆ. ಔಷಧದಂಗಡಿಯಲ್ಲಿ ಕೇಳಿದ ಕೂಡಲೇ ಸಿಕ್ಕಿತು ಎಂದರೆ ಅದು ಕ್ಷೇಮವೆಂದು ಅರ್ಥವಲ್ಲ.

ಮರುದಿನವೇ ಕ್ರೀಮು ನಿಲ್ಲಿಸಿದೆವು. ಸೋಮವಾರ ಹುಡುಗಿಯನ್ನು ಕರೆದುಕೊಂಡು ವೈದ್ಯರಲ್ಲಿಗೆ ಹೋದೆವು, ಡಬ್ಬಿಯನ್ನೂ ಒಯ್ದೆವು. ಮೂತ್ರ ಮತ್ತು ರಕ್ತದ ಪರೀಕ್ಷೆಯಾಯಿತು. ವರದಿ ಬರುವವರೆಗಿನ ಆ ಒಂದು ದಿನ ತಂಗಿ ಊಟವನ್ನೇ ಮಾಡಲಿಲ್ಲ. ದೇವರ ದಯೆ, ತೊಂದರೆ ಕಾಣಲಿಲ್ಲ. ಮೂರು ತಿಂಗಳ ನಂತರ ಇನ್ನೊಮ್ಮೆ ಪರೀಕ್ಷಿಸಿದಾಗಲೂ ಸರಿಯಾಗಿಯೇ ಇತ್ತು. ಕ್ರೀಮು ನಿಲ್ಲಿಸಿದ ಮೇಲೆ ಮುಖ ಮೊದಲಿಗಿಂತ ಕಪ್ಪಾಯಿತೆಂದು ಹುಡುಗಿ ಕೆಲವು ದಿನ ಅತ್ತಳು. ಅಜ್ಜಿ ಅವಳ ತಲೆ ಸವರಿ, "ಬೆಳ್ಳಗಿರುವುದೆಲ್ಲ ಹಾಲಲ್ಲ ಮಗಾ. ನಿನ್ನ ಮುಖಕ್ಕೆ ಎಂತ ಕಡಿಮೆಯಾಗಿದೆ?" ಎಂದರು. ಕಾಯಿಲೆ ಬಂದವರಿಗೂ ಧೈರ್ಯದ ಮಾತೊಂದಿದೆ: ಕೋಟ್ಟಕ್ಕಲ್‌ನ ರೋಗಿಗಳಲ್ಲಿ ಹೆಚ್ಚಿನವರು ಕ್ರೀಮು ಬಿಟ್ಟ ಮೇಲೆ ಚೇತರಿಸಿಕೊಂಡರು. ತಡಮಾಡದೆ ತೋರಿಸಬೇಕು, ಡಬ್ಬಿಯನ್ನು ಮುಚ್ಚಿಡಬಾರದು.

ಹೊಸ ವಸ್ತುವನ್ನು ಬಳಸುವ ಮೊದಲು

1. ಸೌಂದರ್ಯವರ್ಧಕದ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಸಾಮಗ್ರಿಗಳ ಪಟ್ಟಿ ಇದೆಯೇ ನೋಡಿ. ವಿದೇಶದ್ದಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕು. ಇವು ಇಲ್ಲದ್ದನ್ನು ಯಾರೇ ಉಡುಗೊರೆ ಕೊಟ್ಟರೂ ಹಚ್ಚಬೇಡಿ.

2. ಹೊಸ ಕ್ರೀಮನ್ನು ಮೊದಲು ಮುಂಗೈಯ ಒಳಬದಿಯಲ್ಲಿ ಒಂದು ಸಣ್ಣ ಜಾಗಕ್ಕೆ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ತುರಿಕೆ, ಕೆಂಪು ಕಾಣಿಸಿದರೆ ತೊಳೆದು ಬಿಟ್ಟುಬಿಡಿ. ಪಾದರಸದಂಥ ವಿಷ ಈ ಪರೀಕ್ಷೆಯಲ್ಲಿ ತಿಳಿಯದು, ಆದ್ದರಿಂದ ಮೊದಲನೆಯ ಸೂಚನೆಯನ್ನು ಮರೆಯಬೇಡಿ.

3. ತಲೆಗೆ ಬಣ್ಣ ಹಾಕುವವರು ಪ್ರತಿ ಸಲವೂ 48 ಗಂಟೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಪರೀಕ್ಷಿಸಿ. ಹಚ್ಚಿದ ಕೂಡಲೇ ಕಡುಕಪ್ಪಾಗುವ ಮೆಹಂದಿ ಬರೀ ಸೊಪ್ಪಿನದಲ್ಲ. ಸೊಪ್ಪಿನ ಬಣ್ಣ ಕಿತ್ತಳೆ ಕೆಂಪು.

4. ಬಿಲ್ಲು ಕೇಳಿ ಪಡೆಯಿರಿ. ಬಿಲ್ಲಿಲ್ಲದಿದ್ದರೆ ದೂರಿಗೆ ಬಲವಿಲ್ಲ.

5. ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ, ವಸ್ತು ಹಾಳಾಗಿದ್ದರೆ ಮೊದಲು ಅಂಗಡಿಯವರಲ್ಲಿ ಮರ್ಯಾದೆಯಿಂದ ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಗ್ರಾಹಕ ಸಂರಕ್ಷಣಾ ಕಾಯಿದೆ 2019ರಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಹಿಡಿಯಲೇಬೇಕೆಂದೂ ಇಲ್ಲ.

ಕೊನೆಯ ಮಾತು ಮಕ್ಕಳಿಗೆ. ಪೊಟ್ಟಣದ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ದರೆ ಸಾಕೆಂದು ಕಾನೂನು ಹೇಳುತ್ತದೆ. ಗಡಿಯಲ್ಲಿರುವ ನಮ್ಮ ಹಿರಿಯರಿಗೆ ಕನ್ನಡದಲ್ಲಿ ಬರೆದುಕೊಡುವವರು ಯಾರೂ ಇಲ್ಲ. ನಿಮಗೆ ಮೂರು ಭಾಷೆ ಬರುತ್ತದೆ. ಅಜ್ಜ ಅಜ್ಜಿಯ ಎಣ್ಣೆ, ಬಿಸ್ಕತ್ತು, ಮಾತ್ರೆಯ ಮೇಲಿನ ತಾರೀಕನ್ನು ವಾರಕ್ಕೊಮ್ಮೆ ಓದಿ ಹೇಳಿ. ನಮ್ಮ ಮನೆಯಲ್ಲಿ ಈಗ ಶನಿವಾರ ಸಂಜೆ ಚೀಲ ಬಿಚ್ಚುವ ಮೊದಲೇ ಅಜ್ಜಿ ಕನ್ನಡಕ ಹಾಕಿಕೊಂಡು ಕುಳಿತಿರುತ್ತಾರೆ. ಓದುವುದು ಮೊಮ್ಮಕ್ಕಳೇ ಆದರೂ, ಪೊಟ್ಟಣ ತಿರುಗಿಸಿ ಕೊಡುವ ಕೆಲಸ ಅವರದು.