ನೆಲ ನಡುಗಿದ ಮೇಲೆ

ಭೂಕಂಪವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು, ಧರಿತ್ರಿಯು ಬಾಯ್ದೆರೆದು ಊರನ್ನು ನುಂಗುತ್ತಿರುವ ಚಿತ್ರ. ಆದಿಶೇಷನು ಹೆಡೆ ಅಲುಗಿಸಿದಾಗ ಭೂಮಿ ಅದುರುತ್ತದೆಂದು ಅಜ್ಜಿಯರು ಹೇಳುತ್ತಿದ್ದ ಕಾಲದಿಂದಲೂ ಈ ಭಯ ಮನೆಮಾಡಿಕೊಂಡಿದೆ. ಆದರೆ ಮಹಾಕಂಪಗಳ ಚರಿತ್ರೆಯನ್ನು ಕಂಡವರಿಗೆ ಗೊತ್ತು, ನೆಲವೇ ಬಿರಿದು ನುಂಗಿದವರು ತೀರ ವಿರಳ. ನಡುಕವು ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ. ಮೃತ್ಯು ಬರುವುದು ಬಹುಮಟ್ಟಿಗೆ ಬೇರೆ ದಾರಿಯಿಂದ.

1923ರ ಸೆಪ್ಟೆಂಬರ್ 1, ಶನಿವಾರ. ಜಪಾನಿನ ಟೋಕಿಯೋ ನಗರದಲ್ಲಿ ಗಂಟೆ ಹನ್ನೆರಡಾಗಲು ಇನ್ನೆರಡು ನಿಮಿಷವಿತ್ತು. ಮನೆಮನೆಯಲ್ಲಿಯೂ ಮಧ್ಯಾಹ್ನದ ಅಡುಗೆಗಾಗಿ ಒಲೆ ಉರಿಯುತ್ತಿದ್ದ ಹೊತ್ತು. ಸಮೀಪದ ಸಗಾಮಿ ಕೊಲ್ಲಿಯ ಕಡೆಯಿಂದ ಹೊರಟ, 7.9ರ ಪ್ರಮಾಣದ ಕಂಪವು ನಗರವನ್ನು ಮೊರದಲ್ಲಿಟ್ಟು ಕೇರಿದಂತೆ ಅಲುಗಾಡಿಸಿತು. ಅಲ್ಲಿನ ಮನೆಗಳೋ, ಮರದವು, ಬಾಗಿಲುಗಳೋ, ಕಾಗದದವು. ಉರಿಯುವ ಒಲೆಯ ಮೇಲೆಯೇ ಮನೆ ಉರುಳಿತು. ನೀರಿನ ಕೊಳವೆಗಳು ಒಡೆದುಹೋಗಿದ್ದುದರಿಂದ ಬೆಂಕಿಯನ್ನು ಆರಿಸುವ ಸಾಧನವೇ ಇಲ್ಲವಾಯಿತು. ಅಂದು ದೂರದಲ್ಲಿ ಹಾದುಹೋಗುತ್ತಿದ್ದ ಚಂಡಮಾರುತದ ಬಿರುಗಾಳಿಯೂ ಜ್ವಾಲೆಗೆ ಜೊತೆಯಾಯಿತು.

ಸುಮಿದಾ ನದಿಯ ಪೂರ್ವದಂಡೆಯ ಹೊಂಜೋ ಬಡಾವಣೆಯಲ್ಲಿ ಒಂದು ವಿಶಾಲವಾದ ಬಯಲಿತ್ತು. ಸೈನ್ಯದ ಉಡುಪುಗಳ ಹಳೆಯ ಉಗ್ರಾಣವಿದ್ದ ಸ್ಥಳ ಅದು. ಬಯಲೇ ಕ್ಷೇಮವೆಂದು ಸುಮಾರು 40,000 ಜನ ಅಲ್ಲಿಗೆ ಧಾವಿಸಿದರು. ಬರಿಗೈಯಲ್ಲಿ ಬಂದವರಲ್ಲ, ಹಾಸಿಗೆ, ಪೆಟ್ಟಿಗೆ, ಪೀಠೋಪಕರಣಗಳನ್ನೆಲ್ಲ ಗಾಡಿಗಳಲ್ಲಿ ಹೇರಿ ತಂದಿದ್ದರು. ಸಂಸಾರಿಗಳ ಸ್ವಭಾವವೇ ಅದಲ್ಲವೆ? ಸಂಜೆಯ ಹೊತ್ತಿಗೆ ನಾಲ್ಕೂ ಕಡೆಯಿಂದ ಬೆಂಕಿ ಸುತ್ತುವರಿಯಿತು. ಸುಂಟರಗಾಳಿಯಂತೆ ಸುತ್ತುತ್ತ ಬಂದ ಅಗ್ನಿಸ್ತಂಭವೊಂದು ಬಯಲಿಗೆ ನುಗ್ಗಿ, ಆ ಹಾಸಿಗೆ ಪೆಟ್ಟಿಗೆಗಳನ್ನೇ ಸೌದೆ ಮಾಡಿಕೊಂಡಿತು. ಅದೊಂದೇ ಸ್ಥಳದಲ್ಲಿ 38,000 ಮಂದಿ ಬೆಂದುಹೋದರು. ಇಡೀ ದುರಂತದಲ್ಲಿ ಮಡಿದ ಸುಮಾರು 1,05,000 ಜನರಲ್ಲಿ 90,000ಕ್ಕೂ ಹೆಚ್ಚು ಮಂದಿಯನ್ನು ಕೊಂದದ್ದು ಬೆಂಕಿಯೇ.

ಇನ್ನೊಂದು ಬೆಂಕಿಯೂ ಹಬ್ಬಿತು. ಕೊರಿಯಾದ ಕೂಲಿಗಳು ಬಾವಿಗಳಿಗೆ ವಿಷ ಬೆರೆಸುತ್ತಿದ್ದಾರೆಂಬ ಸುಳ್ಳು ಸುದ್ದಿಯದು. ಅದನ್ನು ನಂಬಿದವರು ದೊಣ್ಣೆ ಕತ್ತಿಗಳನ್ನು ಹಿಡಿದು ಬೀದಿಗಿಳಿದರು. ನಿರಪರಾಧಿಗಳಾದ ಸಾವಿರಾರು ಕೊರಿಯನ್ನರು ಹತರಾದರು. ಈ ಸಾವುಗಳಿಗೆ ಯಾವ ಶಿಲಾಸ್ತರವನ್ನು ದೂರೋಣ?

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿಗೆ ಇಂಥ ದಿನ ಒದಗಿದ್ದು 1755ರ ನವೆಂಬರ್ 1ರಂದು. ಅಂದು ಕ್ರೈಸ್ತರ ಸಮಸ್ತ ಸಂತರ ಹಬ್ಬ; ಚರ್ಚುಗಳು ಭಕ್ತರಿಂದ ಕಿಕ್ಕಿರಿದಿದ್ದವು, ಮೇಣದ ದೀಪಗಳು ಬೆಳಗುತ್ತಿದ್ದವು. ಕಮಾನುಗಳು ಕುಸಿಯತೊಡಗಿದಾಗ ತಪ್ಪಿಸಿಕೊಂಡವರು ತಾಗೂಸ್ ನದಿಯ ತೆರೆದ ದಂಡೆಗೆ ಓಡಿದರು. ಅವರ ಕಣ್ಣೆದುರಿಗೇ ನೀರು ಹಿಂದೆ ಸರಿಯಿತು. ಮರಳಿ ಬಂದಾಗ ಬೆಟ್ಟದಂಥ ಅಲೆಯಾಗಿ ಬಂದಿತು. ಮೇಲಿನ ನಗರ ಐದಾರು ದಿನ ಹೊತ್ತಿ ಉರಿಯಿತು. ರಾಜ ಜೋಸೆಯು ಆಮೇಲೆ ಕಲ್ಲಿನ ಅರಮನೆಯಲ್ಲಿ ವಾಸಿಸಲೊಲ್ಲದೆ, ಡೇರೆಗಳಲ್ಲಿಯೂ ಮರದ ಮನೆಯಲ್ಲಿಯೂ ಕಾಲ ಕಳೆದನು. ಅವನ ಮಂತ್ರಿ, ಮುಂದೆ ಪೊಂಬಾಲ್ ಎಂದು ಪ್ರಸಿದ್ಧನಾದವನು, ಬೇರೆ ಜಾತಿಯ ಮನುಷ್ಯ. ಕಂಪ ಎಷ್ಟು ಹೊತ್ತಿತ್ತು, ಸಮುದ್ರ ಮೊದಲು ಏರಿತೋ ಇಳಿಯಿತೋ, ಸತ್ತವರೆಷ್ಟು ಎಂಬ ಪ್ರಶ್ನೆಗಳನ್ನು ಅವನು ಊರೂರಿಗೆ ಕಳುಹಿಸಿದನು. ಹೊಸ ಮನೆಗಳ ಗೋಡೆಯೊಳಗೆ ಮರದ ಪಂಜರವಿರಬೇಕೆಂದು ವಿಧಿಸಿದನು.

ಆ ಪಂಜರದ ಬೆಲೆಯೇನೆಂಬುದು 2010ರಲ್ಲಿ ಸ್ಪಷ್ಟವಾಯಿತು. ಆ ಜನವರಿಯಲ್ಲಿ ಹೈಟಿ ದೇಶದಲ್ಲಿ 7.0ರ ಕಂಪವಾಗಿ, ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮರುತಿಂಗಳೇ ಚಿಲಿ ದೇಶದಲ್ಲಿ 8.8ರ ಕಂಪವಾಯಿತು. ಅದರ ಶಕ್ತಿ ಹೈಟಿಯದರ ಸುಮಾರು 500 ಪಟ್ಟು. ಸತ್ತವರು ಐನೂರರ ಆಸುಪಾಸು. 1960ರಲ್ಲಿ ಜಗತ್ತು ದಾಖಲಿಸಿರುವ ಅತಿ ದೊಡ್ಡ ಕಂಪವನ್ನು ಉಂಡ ಚಿಲಿಯು ಕಟ್ಟಡಗಳಿಗೆ ಕಠಿಣ ನಿಯಮ ಮಾಡಿತ್ತು. ಹೈಟಿಯ ಬಡವರ ಗೋಡೆಗಳಲ್ಲಿ ಸಿಮೆಂಟೂ ಕಡಿಮೆ, ಕಬ್ಬಿಣವೂ ಕಡಿಮೆ.

ದೂರದ ಮಾತೇಕೆ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಣ ಹಳ್ಳಿಗಳು ನೆಲಸಮವಾದವು. ಕಲಬುರಗಿ, ಬೀದರ್ ಕಡೆಯವರೂ ಬೆಚ್ಚಿ ಎದ್ದರು. ದಖ್ಖನ್ನಿನ ಹಾಸುಬಂಡೆ ಅಲುಗದೆಂಬ ನಂಬಿಕೆ ಅಂದು ಮುರಿಯಿತು. ಸುಮಾರು 10,000 ಜನ ಮಡಿದರು. ಅಡಿಗಟ್ಟಲೆ ದಪ್ಪದ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ: ಬಿಸಿಲನ್ನೂ ಕಳ್ಳರನ್ನೂ ತಡೆಯಲೆಂದು ಹಿರಿಯರು ಕಟ್ಟಿದ್ದ ಮನೆಗಳು ಅವು. ಕಲ್ಲಿಗೂ ಕಲ್ಲಿಗೂ ನಡುವೆ ಬರಿಯ ಕೆಸರು. ಅವು ಮಲಗಿದ್ದವರ ಮೇಲೆಯೇ ಕುಸಿದವು. ಹುಲ್ಲಿನ ಗುಡಿಸಲುಗಳು ಮಾತ್ರ ತೂಗಾಡಿ ನಿಂತವು.